ಸಿಹಿಗುಂಬಳ ಮೊದಲು ಮನೆಯ ಅಡುಗೆಗೆ

ಸಿಹಿಗುಂಬಳದ ಬಳ್ಳಿಯಿಲ್ಲದ ಊರು ನಮ್ಮಲ್ಲಿ ವಿರಳ. ಮಲೆನಾಡಿನವರು ಚೀನಿಕಾಯಿ ಎಂದು ಕರೆಯುವ ಈ ಬೆಳೆ ಬೇಲಿಯ ಬದಿಯಲ್ಲಿ, ತಿಪ್ಪೆಯ ಪಕ್ಕದಲ್ಲಿ ಹೆಚ್ಚಿನ ಆರೈಕೆಯಿಲ್ಲದೆ ಹಬ್ಬುತ್ತದೆ. ಸುಲಭವಾಗಿ ಸಿಗುವುದರಿಂದಲೋ ಏನೋ, ಅನೇಕ ಮನೆಗಳಲ್ಲಿ ಇದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ. ಹಬ್ಬಕ್ಕೋ ಮದುವೆಗೋ ಒಂದು ದಿನ ಹುಳಿಯಾಗುತ್ತದೆ. ಉಳಿದದ್ದು ಸಿಕ್ಕ ಬೆಲೆಗೆ ಸಂತೆಗೆ ಹೋಗುತ್ತದೆ. ಅದೇ ಸಂತೆಯಿಂದ ಎರಡು ದಿನವೂ ಬಾಳದ ತರಕಾರಿಯನ್ನು ಹೆಚ್ಚು ಹಣ ಕೊಟ್ಟು ತರುತ್ತೇವೆ. ಇದು ರೈತನಿಗೆ ಲಾಭದ ವ್ಯವಹಾರವಲ್ಲವೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಚೆನ್ನಾಗಿ ಬಲಿತ ಕಾಯಿಯನ್ನು ತೊಟ್ಟಿನೊಡನೆ ಕೊಯ್ದು, ಪೆಟ್ಟಾಗದಂತೆ ತಂದು, ಗಾಳಿಯಾಡುವ ಒಣ ಜಾಗದಲ್ಲಿ ಹುಲ್ಲಿನ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟರೆ ಎರಡು ಮೂರು ತಿಂಗಳು ಕೆಡುವುದಿಲ್ಲ. ವಿದ್ಯುತ್ತಾಗಲಿ ಶೀತಲಗೃಹವಾಗಲಿ ಬೇಕಿಲ್ಲ. ಸೊಪ್ಪು, ತರಕಾರಿ ದುಬಾರಿಯಾದ ದಿನಗಳಿಗೆ ಅಟ್ಟದ ಮೇಲಿನ ಐದಾರು ಕಾಯಿಗಳೇ ಆಸರೆ.

ತಿರುಳಿನ ಹಳದಿ ಬಣ್ಣ ಕ್ಯಾರೋಟೀನಿನದು. ನಮ್ಮ ದೇಹ ಇದನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಮಕ್ಕಳ ಕಣ್ಣಿನ ಆರೋಗ್ಯಕ್ಕೆ ಇದು ಅತ್ಯಗತ್ಯ. ಇದರ ಕೊರತೆಯಿಂದ ಇರುಳುಗುರುಡು ಬರುತ್ತದೆ. ಬಣ್ಣ ಗಾಢವಾದಷ್ಟೂ ಸಾಮಾನ್ಯವಾಗಿ ಕ್ಯಾರೋಟೀನು ಹೆಚ್ಚು. ಎಣ್ಣೆಯ ಅಂಶ ಜೊತೆಗಿದ್ದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಆದುದರಿಂದ ಒಂದು ಚಮಚ ಎಣ್ಣೆಯ ಒಗ್ಗರಣೆಯನ್ನು ಬರಿಯ ರುಚಿಗೆಂದು ತಿಳಿಯಬಾರದು.

"ಸಿಹಿ ಕಾಯಿ, ಬೇಯಿಸಿದರೆ ಮುದ್ದೆಯಾಗುತ್ತದೆ" ಎಂಬ ದೂರು ಸಾಮಾನ್ಯ. ದೋಷ ಕಾಯಿಯದಲ್ಲ, ನೀರಿನದು. ತಿರುಳಿನಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ ಇದೆ. ಪಲ್ಯಕ್ಕೆ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಹಾಕಿ, ಹೋಳುಗಳನ್ನು ಬೆರೆಸಿ, ಉಪ್ಪು ಹಾಕಿ, ನೀರು ಚಿಮುಕಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಸಾಕು. ಕೊನೆಯಲ್ಲಿ ಕಾಯಿತುರಿ ಸೇರಿಸಿದರೆ ಜೋಳದ ರೊಟ್ಟಿಗೆ ಒಳ್ಳೆಯ ಜೊತೆ. ರಾಗಿಮುದ್ದೆಗೆ ಹುಳಿ ಮಾಡುವಾಗ ಬೇಳೆ ಬೆಂದ ಮೇಲೆ ಹೋಳು ಹಾಕಿ, ಅದು ಮೆತ್ತಗಾದ ಮೇಲೆ ಹುಣಸೆರಸ ಬೆರೆಸಬೇಕು. ಸಿಪ್ಪೆ ಎಳೆಯದಿದ್ದರೆ ತೆಗೆಯಬೇಕಿಲ್ಲ. ಹೋಳು ಒಡೆಯದೆ ನಿಲ್ಲುತ್ತದೆ. ಹುಳಿ, ಖಾರ ತಾಗಿದೊಡನೆ ಸಿಹಿ ಹದಕ್ಕೆ ಬರುತ್ತದೆ. ಉತ್ತರ ಕರ್ನಾಟಕದ ಗಾರಿಗೆಯಲ್ಲಂತೂ ತುರಿದ ಕುಂಬಳ ಬೆಲ್ಲದೊಡನೆ ಬೆಂದು ಬಿಟ್ಟ ನೀರೇ ಹಿಟ್ಟು ಕಲಸಲು ಸಾಕು. ಬೀಜವನ್ನೂ ಎಸೆಯಬೇಡಿ, ತೊಳೆದು ಒಣಗಿಸಿ ಹುರಿದರೆ ಮಕ್ಕಳಿಗೆ ಪುಷ್ಟಿಕರ ತಿನಿಸು. ಕಹಿಯಾದ ಕಾಯಿಯನ್ನು ಮಾತ್ರ ಬಳಸಬಾರದು, ಅದು ಹೊಟ್ಟೆ ಕೆಡಿಸುತ್ತದೆ.

ಇನ್ನೊಂದು ಅಡಚಣೆ ನಿಜವಾದುದು. ಎಂಟು ಹತ್ತು ಕಿಲೋ ತೂಗುವ ಕಾಯಿಯನ್ನು ಕುಯ್ದರೆ ಸಣ್ಣ ಸಂಸಾರಕ್ಕೆ ಮುಗಿಸಲಾಗದು. ಕುಯ್ದ ಕಾಯಿ ಬೇಗ ಕೊಳೆಯುತ್ತದೆ. ಮನೆಬಳಕೆಗೆ ಸಣ್ಣ ಕಾಯಿಯ ತಳಿಯೇ ಲೇಸು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಸೂರ್ಯಮುಖಿಯ ಕಾಯಿ ಸುಮಾರು ಒಂದು ಕಿಲೋ, ಅರ್ಕ ಚಂದನ್ ಎರಡು ಮೂರು ಕಿಲೋ ತೂಗುತ್ತವೆ. ಮಾರಾಟಕ್ಕೆ ದೊಡ್ಡ ಕಾಯಿ ಬೆಳೆಯುವವರೂ ಹಿತ್ತಿಲಲ್ಲಿ ಇಂತಹ ಎರಡು ಗುಣಿ ಹಾಕಬಹುದು.

ತಳಿಯೊಂದನ್ನು ಎಕರೆಯ ಇಳುವರಿಯಿಂದ ಮಾತ್ರ ಅಳೆಯುವುದು ನಮ್ಮಂತಹ ವಿಜ್ಞಾನಿಗಳ ವಾಡಿಕೆ. ಒಲೆಯ ಮುಂದೆ ನಿಂತವರ ಮಾತಿಗೂ ಅಷ್ಟೇ ಬೆಲೆ ಇರಬೇಕು. ಈ ಸಲ ಕೊಯ್ಲಾದಾಗ ಒಳ್ಳೆಯ ಕಾಯಿಗಳನ್ನು ಮನೆಗೆ ಆರಿಸಿಟ್ಟು, ಉಳಿದುದನ್ನು ಸಂತೆಗೆ ಕಳುಹಿಸಿ.