ಸ್ಲೋ ಕುಕರೂ ಸೂರ್ಯಾಸ್ತವೂ

ಇತ್ತೀಚೆಗೆ ಬಸದಿಯ ಜಗಲಿಯಲ್ಲಿ ಹಿರಿಯ ಶ್ರಾವಕರೊಬ್ಬರು ಸ್ಲೋ ಕುಕರನ್ನು ಖಂಡಿಸುತ್ತಿದ್ದರು. "ಎಂಟು ಗಂಟೆ ಕಾಯುವ ಪಾತ್ರೆ, ಅಷ್ಟು ಹೊತ್ತೂ ಅಗ್ನಿಕಾಯ ಜೀವಗಳ ಹಿಂಸೆ. ಹೆಂಗಸರ ಸೋಮಾರಿತನಕ್ಕೆಂದೇ ಹುಟ್ಟಿದ ವಸ್ತು" ಎಂಬುದು ಅವರ ವಾದ. ಕೇಳಿದವರೆಲ್ಲ ತಲೆದೂಗಿದರು. ನನಗದು ಸಾಧ್ಯವಾಗಲಿಲ್ಲ.

ಅದು ಹುಟ್ಟಿದ್ದು ಸೋಮಾರಿತನದಿಂದಲ್ಲ, ವ್ರತನಿಷ್ಠೆಯ ನೆನಪಿನಿಂದ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬ ಯೆಹೂದ್ಯರು 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸಬ್ಬತ್ ದಿನ ಬೆಂಕಿ ಹೊತ್ತಿಸಬಾರದೆಂಬ ನಿಯಮವುಳ್ಳ ಅವರ ಜನ ಶುಕ್ರವಾರ ಸೂರ್ಯಾಸ್ತಕ್ಕೆ ಮುನ್ನವೇ ಚೋಲೆಂಟ್ ಎಂಬ ಖಾದ್ಯವನ್ನು ಬೇಕರಿಯ ಒಲೆಯಲ್ಲಿಡುತ್ತಿದ್ದರು. ಲಿಥುವೇನಿಯಾದ ಈ ಪದ್ಧತಿಯನ್ನು ತಾಯಿಯಿಂದ ಕೇಳಿದ್ದೇ ಅವರಿಗೆ ಪ್ರೇರಣೆ. ಆ ಖಾದ್ಯ ಸಾಮಾನ್ಯವಾಗಿ ಮಾಂಸದ್ದು. ನಮಗೆ ಬೇಕಾದದ್ದು ಖಾದ್ಯವಲ್ಲ, ಉಪಾಯ.

ಇನ್ನು ಹಿಂಸೆಯ ಮಾತು. ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬಲ್ಲಿ ಜೈನರಲ್ಲೇ ಭಿನ್ನಾಭಿಪ್ರಾಯವಿದೆ. ಸಚಿತ್ತವೆಂದೇ ಒಪ್ಪೋಣ. ಅಡುಗೆಯು ಗೃಹಸ್ಥನಿಗೆ ತಪ್ಪದ ಆರಂಭೀ ಹಿಂಸೆ. ಅದನ್ನು ಕಡಿಮೆ ಮಾಡುವುದಷ್ಟೇ ಅವನಿಗೆ ವಿಹಿತ. ಸುಮಾರು 200 ವ್ಯಾಟಿನ ಪಾತ್ರೆಯನ್ನು ದೂರುವವರು ರಾತ್ರಿ ಎಂಟಕ್ಕೆ ಹೊತ್ತುವ ಗ್ಯಾಸನ್ನೂ ದೀಪಕ್ಕೆ ಮುತ್ತಿ ಬೀಳುವ ಹುಳುಗಳನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಖರ್ಚಿನ ಒಂದೇ ಬಾಬ್ತು ನೋಡಿ ಲೆಕ್ಕ ಮುಗಿಸುವ ಗುಮಾಸ್ತನನ್ನು ನಾನು ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ನನ್ನದೇ ಮಾತು ಹೇಳುವುದಾದರೆ, ಮೂವತ್ತು ವರ್ಷ ಸಂಜೆ ಐದೂವರೆಗೆ ಅಂಗಡಿಯಿಂದ ಬಂದು ಹಗಲಿರುವಾಗಲೇ ಉಂಡೆ. ರಾತ್ರಿಭೋಜನ ತ್ಯಾಗ ನನ್ನ ವ್ರತವೆಂದು ಹೆಮ್ಮೆಪಟ್ಟೆ. ನಾಲ್ಕು ಗಂಟೆಗೆ ತಪ್ಪದೆ ಒಲೆ ಹೊತ್ತಿಸಿದವಳು ನನ್ನ ಪತ್ನಿ. ಆ ಭಾರ ಅವಳದೆಂದು ಆಗ ನನಗೆ ತೋಚಲೇ ಇಲ್ಲ. ಈಗ ಸೊಸೆ ಬ್ಯಾಂಕಿನಿಂದ ಬರುವುದು ಐದೂವರೆ ದಾಟಿದ ಮೇಲೆ. ಡಿಸೆಂಬರಿನ ಮೊದಲ ದಿನಗಳಲ್ಲಿ ಬೆಂಗಳೂರಿನ ಸೂರ್ಯ ಆರಕ್ಕೆ ಮುನ್ನವೇ ಮುಳುಗುತ್ತಾನೆ. ಬೇಯಿಸಿ ಉಣ್ಣಲು ಹೊತ್ತೆಲ್ಲಿ?

ಅವಳು ಕಂಡುಕೊಂಡ ದಾರಿ ಸರಳವಾದುದು. ಬೆಳಕಿನಲ್ಲಿ ಆರಿಸಿದ ತೊಗರಿಬೇಳೆ, ಸೋರೆಕಾಯಿ, ಅರಿಸಿನ, ಸೋಸಿದ ನೀರು. ಒಂಬತ್ತಕ್ಕೆ ಸಣ್ಣ ಕಾವಿಗಿಟ್ಟು ಹೊರಡುತ್ತಾಳೆ. ಸಂಜೆಗೆ ಬೇಳೆ ಬೆಣ್ಣೆಯಂತೆ ಬೆಂದಿರುತ್ತದೆ. ಹುಣಿಸೆರಸ ಕೊನೆಗೆ; ಮೊದಲೇ ಹಾಕಿದರೆ ಬೇಳೆ ಬೇಯಲು ತಡ. ಒಗ್ಗರಣೆ ಕೊಟ್ಟರೆ ಊಟ ಸಿದ್ಧ. ನಡುವೆ ಮುಚ್ಚಳ ತೆಗೆದರೆ ಕಾವು ಹೋಗಿ ಹೊತ್ತು ಹಿಡಿಯುತ್ತದೆ. (ಈ ಚಪಲ ಮನೆಯಲ್ಲಿರುವ ನನಗೇ ಹೆಚ್ಚು.) ರಾಜ್ಮಾ ಮಾತ್ರ ನೇರವಾಗಿ ಹಾಕಬಾರದು. ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಕನಿಷ್ಠ 10 ನಿಮಿಷ ಕುದಿಸದಿದ್ದರೆ ಅದರ ವಿಷಾಂಶ ಸಣ್ಣ ಕಾವಿಗೆ ಅಳಿಯದು.

ಒಂದೆಡೆ ಆ ಹಿರಿಯರ ಪಕ್ಷವೇ ನನ್ನದು. ರಾತ್ರಿ ಹತ್ತಕ್ಕೆ ಇಟ್ಟು ಬೆಳಿಗ್ಗೆ ಉಣ್ಣುವವರಿದ್ದಾರೆ. ಅದು ರಾತ್ರಿ ಬೆಂದ ಅಡುಗೆಯೇ. ಯಂತ್ರ ಬೇಯಿಸಿತೆಂಬ ನೆವ ಸಲ್ಲದು.

ಆದರೆ ಸೋಮಾರಿತನವೆಂಬ ಮಾತನ್ನು ನಾನು ಒಪ್ಪಲಾರೆ. ಆ ಹಿರಿಯರ ಮನೆಯಲ್ಲಿ ಸಂಜೆಯ ಒಲೆ ಹೊತ್ತುವುದು ಎಷ್ಟು ಗಂಟೆಗೆ, ಹೊತ್ತಿಸುವವರು ಯಾರು, ಅವರು ಎಂದಾದರೂ ಒಂದು ಹಿಡಿ ಬೇಳೆ ತೊಳೆದುಕೊಟ್ಟದ್ದುಂಟೆ? ಮುಂದಿನ ಸಲ ಜಗಲಿಯಲ್ಲಿ ಮೊದಲು ಅದನ್ನು ಹೇಳಲಿ.