ಮರಣ ಪ್ರಮಾಣಪತ್ರ ಕೊಡುವ ಕೌಂಟರಿನಲ್ಲೇ ಹುಡುಕಾಟ ಶುರುವಾಗಲಿ

ಮಾನ್ಯ ಕೇಂದ್ರ ಹಣಕಾಸು ಸಚಿವರಾದ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,



ತಾವು 2016ರಿಂದ ಕರ್ನಾಟಕದ ಪರವಾಗಿ ರಾಜ್ಯಸಭೆಯಲ್ಲಿದ್ದೀರಿ. ಹಾಗಾಗಿ ಈ ಪತ್ರ ದೇಶದ ಹಣಕಾಸು ಸಚಿವರಿಗೂ ಹೌದು, ನಮ್ಮ ರಾಜ್ಯದ ಪ್ರತಿನಿಧಿಗೂ ಹೌದು. ನಾನು ಬನಶಂಕರಿ ಎರಡನೇ ಹಂತದಲ್ಲಿ ಇರುವವನು. ನೆರೆಹೊರೆಯ ಹಿರಿಯರಿಗೆ ಬ್ಯಾಂಕು, ಪಿಂಚಣಿ, ಅಂಚೆ ಕಚೇರಿಯ ಕಾಗದಪತ್ರಗಳಲ್ಲಿ ಕೈಲಾದ ನೆರವು ಕೊಡುತ್ತ ಬಂದಿದ್ದೇನೆ. ಅಲ್ಲಿ ಕಂಡದ್ದನ್ನು ತಮ್ಮ ಮುಂದಿಡಬೇಕೆನಿಸಿ ಬರೆಯುತ್ತಿದ್ದೇನೆ.

2025ರ ಅಕ್ಟೋಬರ್ 4ರಂದು ಗುಜರಾತಿನ ಗಾಂಧಿನಗರದಲ್ಲಿ ತಾವು ‘ನಿಮ್ಮ ಹಣ, ನಿಮ್ಮ ಹಕ್ಕು’ ಅಭಿಯಾನಕ್ಕೆ ಚಾಲನೆ ಕೊಟ್ಟಿರಿ. ಬ್ಯಾಂಕು, ವಿಮೆ, ಮ್ಯೂಚುವಲ್ ಫಂಡ್, ಷೇರು ಎಲ್ಲ ಸೇರಿ ಯಾರೂ ಕೇಳದೆ ಬಿದ್ದಿರುವ ಮೊತ್ತ ಸುಮಾರು 1.84 ಲಕ್ಷ ಕೋಟಿ ರೂಪಾಯಿ ಎಂದು ಅಂದು ತಾವೇ ಹೇಳಿದಿರಿ. ಸರ್ಕಾರವೇ ಮುಂದೆ ಬಂದು ಇಷ್ಟು ಹಣ ಜನರದು, ಬಂದು ತೆಗೆದುಕೊಂಡು ಹೋಗಿ ಎಂದದ್ದು ಸಣ್ಣ ಮಾತಲ್ಲ. ವರ್ಷದ ಕೊನೆಯವರೆಗೆ ಜಿಲ್ಲೆ ಜಿಲ್ಲೆಗಳಲ್ಲಿ ಶಿಬಿರಗಳೂ ನಡೆದವು. ಆದರೆ ಅಭಿಯಾನ ಮೂರು ತಿಂಗಳದ್ದು. ಜನ ತೀರಿಕೊಳ್ಳುವುದು, ಅವರ ಪಾಸ್‌ಬುಕ್ ಬೀರುವಿನ ಮೂಲೆ ಸೇರುವುದು ವರ್ಷವಿಡೀ ನಡೆಯುತ್ತಿರುತ್ತದೆ.

ದಕ್ಷಿಣ ಬೆಂಗಳೂರಿನ ಮನೆಗಳನ್ನು ತಾವು ಬಲ್ಲಿರಿ. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಮನೆ ಕಟ್ಟಿದ ಹಿಂದಿನ ತಲೆಮಾರು ಸಂಬಳದಲ್ಲಿ ಬದುಕಿ, ಉಳಿಸಿ, ಸಾಲ ತೀರಿಸಿದ ತಲೆಮಾರು. ಲೆಕ್ಕವೆಲ್ಲ ಯಜಮಾನರ ಕೈಯಲ್ಲಿ. ಎಲ್ಲೆಲ್ಲಿ ಎಫ್‌ಡಿ ಇದೆ, ಯಾವ ಪಾಲಿಸಿ ಯಾವಾಗ ಮೆಚ್ಯೂರ್ ಆಗುತ್ತದೆ ಎಂಬುದು ಅವರ ಡೈರಿಯಲ್ಲಿ, ಇಲ್ಲವೇ ಬರೀ ತಲೆಯಲ್ಲಿ. ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುತ್ತಾರೆ. ಯಜಮಾನರು ಹೋದ ಮೇಲೆ ಹೆಂಡತಿಗೆ ಗೊತ್ತಿರುವುದು ಪಿಂಚಣಿ ಬೀಳುತ್ತಿದ್ದ ಒಂದು ಖಾತೆ ಮಾತ್ರ.

ಬ್ಯಾಂಕುಗಳ ಹೆಸರುಗಳೂ ನಿಂತ ಕಡೆ ನಿಲ್ಲಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾ ಆಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಕರಾವಳಿಯಿಂದ, ಹಳೇ ಮೈಸೂರಿನಿಂದ ಇಲ್ಲಿಗೆ ಬಂದು ನೆಲೆಸಿದವರ ಮನೆಗಳಲ್ಲಿ ಈ ನಾಲ್ಕರಲ್ಲಿ ಒಂದಾದರೂ ಪಾಸ್‌ಬುಕ್ ಇದ್ದೇ ಇರುತ್ತದೆ. ಮುಖಪುಟದ ಮೇಲಿನ ಬ್ಯಾಂಕು ಇಂದು ಇಲ್ಲ. ದುಡ್ಡು ಯಾವ ಬೋರ್ಡಿನ ಕೆಳಗೆ ಹೋಯಿತೆಂದು ಎಂಬತ್ತು ದಾಟಿದ ಅಜ್ಜಿಗೆ ಹೇಳುವವರು ಯಾರು?

ನಮ್ಮ ಬೀದಿಯ ಹಿರಿಯ ಹೆಂಗಸೊಬ್ಬರು ಗಂಡನ ಟ್ರಂಕಿನಿಂದ ಅಂಥದೊಂದು ಪಾಸ್‌ಬುಕ್ ತೆಗೆದು ತೋರಿಸಿದರು. ಅಂಚು ಸವೆದು ಮೆತ್ತಗಾಗಿತ್ತು. ನೀಲಿ ಶಾಯಿಯ ಕೈಬರಹ, ಸಾಲಿಗೊಂದು ಗುಮಾಸ್ತರ ಚಿಕ್ಕ ಸಹಿ, ಆರು ತಿಂಗಳಿಗೊಮ್ಮೆ ಬಡ್ಡಿ ಜಮೆಯಾದ ನಮೂದು. ಒಳಗೆ ಮಡಚಿಟ್ಟಿದ್ದ ಒಂದು ಎಫ್‌ಡಿ ರಸೀದಿ, ಹಿಂಬದಿಯಲ್ಲಿ ಮೂರು ಬಾರಿ ರಿನ್ಯೂ ಮಾಡಿದ ಮೊಹರು. ಖಾತೆ ತೆರೆದದ್ದು ಅವರು ನೌಕರಿಯಲ್ಲಿದ್ದ ಊರಿನಲ್ಲಿ. ಆಗ ಖಾತೆ ತೆರೆಯಲು ಪರಿಚಯಸ್ಥರೊಬ್ಬರ ಸಹಿ ಸಾಕಿತ್ತು. ಪ್ಯಾನ್ ಇಲ್ಲ, ಆಧಾರ್ ಇಲ್ಲ, ಹುಟ್ಟಿದ ದಿನಾಂಕವೂ ಬರೆದಿಲ್ಲ. ಆ ತಾಯಿ ಕೇಳಿದ್ದು ಒಂದೇ ಮಾತು: “ಇದು ಇದೆಯೇನಪ್ಪಾ, ಇಲ್ಲಾ ಮುಳುಗಿಹೋಯ್ತೋ?”

ಮುಳುಗಿಲ್ಲ. ಇದನ್ನು ನಾನು ಭರವಸೆಯಿಂದಲೇ ಹೇಳಿದೆ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಯಾರೂ ಮುಟ್ಟದಿದ್ದರೆ ಆ ಹಣವನ್ನು ಬ್ಯಾಂಕು, 2014ರಲ್ಲಿ ರಿಸರ್ವ್ ಬ್ಯಾಂಕು ಶುರುಮಾಡಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಕಳಿಸುತ್ತದೆ. 2024ರ ಮಾರ್ಚ್ ಕೊನೆಗೆ ಆ ನಿಧಿಯಲ್ಲಿ 78,213 ಕೋಟಿ ರೂಪಾಯಿ ಇತ್ತು. ನಿಧಿಗೆ ಹೋದರೂ ಹಕ್ಕು ಹೋಗುವುದಿಲ್ಲ. ಠೇವಣಿದಾರರಾಗಲಿ ವಾರಸುದಾರರಾಗಲಿ ಯಾವಾಗ ಬೇಕಾದರೂ ತಮ್ಮ ಬ್ಯಾಂಕಿಗೇ ಹೋಗಿ ಕೇಳಬಹುದು, ಬ್ಯಾಂಕು ಕೊಟ್ಟು ಆಮೇಲೆ ನಿಧಿಯಿಂದ ತರಿಸಿಕೊಳ್ಳುತ್ತದೆ.

ಆದರೆ ಬಡ್ಡಿಯ ಮಾತನ್ನು ತಾವು ದಯವಿಟ್ಟು ಗಮನಿಸಬೇಕು. ಅವಧಿ ಮುಗಿದು ಯಾರೂ ಕೇಳದ ಎಫ್‌ಡಿಗೆ ಈಗ ಸಿಗುವುದು ಉಳಿತಾಯ ಖಾತೆಯ ದರ ಇಲ್ಲವೇ ಒಪ್ಪಂದದ ದರ, ಎರಡರಲ್ಲಿ ಕಡಿಮೆ ಇರುವುದು. ನಿಧಿಗೆ ಹೋದ ಮೇಲೆ 2021ರ ಮೇ 11ರಿಂದ ಶೇ. 3ರ ಸರಳ ಬಡ್ಡಿ. 2018ರ ಜೂನ್‌ವರೆಗೆ ಅದು ಶೇ. 4 ಇತ್ತು. ತಾನು ಮಾಡದ ತಪ್ಪಿಗೆ, ಗಂಡ ಹೇಳದೆ ಹೋದದ್ದಕ್ಕೆ, ವಿಧವೆಯೊಬ್ಬಳ ಉಳಿತಾಯ ಬೆಲೆಯೇರಿಕೆಯಲ್ಲಿ ಹೀಗೆ ಕರಗಬೇಕೇ? ಈ ದರವನ್ನು ಕನಿಷ್ಠ ದೊಡ್ಡ ಬ್ಯಾಂಕೊಂದರ ಒಂದು ವರ್ಷದ ಎಫ್‌ಡಿ ದರಕ್ಕೆ ಸಮನಾಗಿಸಲು ರಿಸರ್ವ್ ಬ್ಯಾಂಕಿನೊಂದಿಗೆ ಮಾತನಾಡಿ ಎಂದು ಬೇಡುತ್ತೇನೆ.

ಹುಡುಕಾಟಕ್ಕೆ 2023ರ ಆಗಸ್ಟ್‌ನಲ್ಲಿ ಉದ್ಗಮ್ ಪೋರ್ಟಲ್ ಬಂತು. 2024ರ ಮಾರ್ಚ್ ಹೊತ್ತಿಗೆ 30 ಬ್ಯಾಂಕುಗಳು ಅದರಲ್ಲಿ ಸೇರಿ, ಇಂಥ ಠೇವಣಿಗಳ ಸುಮಾರು ಶೇ. 90 ಭಾಗ ಒಂದೇ ಕಡೆ ಹುಡುಕಲು ಸಿಕ್ಕಿತು. ನಿಜಕ್ಕೂ ಒಳ್ಳೆಯ ಕೆಲಸ. ಆದರೂ ಅದು ಹುಡುಕಬೇಕೆಂದು ಗೊತ್ತಿರುವವರಿಗಾಗಿ ಮಾಡಿದ ವ್ಯವಸ್ಥೆ. ಖಾತೆದಾರರ ಹೆಸರಿನ ಜೊತೆ ಪ್ಯಾನ್, ಮತದಾರರ ಚೀಟಿ, ಪಾಸ್‌ಪೋರ್ಟ್, ಹುಟ್ಟಿದ ದಿನಾಂಕದಂಥ ಗುರುತು ಕೇಳುತ್ತದೆ. ಹೆಸರಿನಲ್ಲೇ ನಮ್ಮವರಿಗೆ ಪೇಚು. ವೆಂಕಟರಮಣಯ್ಯ ಎಂಬುದನ್ನು ಒಬ್ಬೊಬ್ಬ ಗುಮಾಸ್ತರು ಇಂಗ್ಲಿಷಿನಲ್ಲಿ ಒಂದೊಂದು ರೀತಿ ಬರೆದಿರುತ್ತಾರೆ. ಲಕ್ಷ್ಮಿ ಒಂದು ಕಡೆ ‘ಕೆ-ಎಸ್’, ಇನ್ನೊಂದು ಕಡೆ ‘ಎಕ್ಸ್’. ಇನಿಷಿಯಲ್ಲಿನಲ್ಲಿ ಊರಿನ ಅಕ್ಷರ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಆಧಾರಿನಲ್ಲಿ ಅದೇ ಅಕ್ಷರ ಹೆಸರಿನ ಹಿಂದಕ್ಕೆ ಹೋಗಿ ಕೂತಿರುತ್ತದೆ. ನಮ್ಮ ಬೀದಿಯ ಆ ತಾಯಿ ತೋರಿಸಿದ ಪಾಸ್‌ಬುಕ್ಕಿಗೂ ಮರಣ ಪ್ರಮಾಣಪತ್ರಕ್ಕೂ ಇದ್ದ ವ್ಯತ್ಯಾಸ ಬರೀ ಒಂದು ಇನಿಷಿಯಲ್ಲಿನದು. ಅಷ್ಟಕ್ಕೇ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್, ನೋಟರಿ, ಛಾಪಾ ಕಾಗದ.

ಹುಡುಕುವ ಹೊರೆಯನ್ನು ಮನೆಯವರ ತಲೆಯಿಂದ ಇಳಿಸಿ ಎಂಬುದೇ ಈ ಪತ್ರದ ಮುಖ್ಯ ಕೋರಿಕೆ. ಪ್ರತಿ ಕುಟುಂಬವೂ ತಪ್ಪದೆ ಹೋಗುವ ಒಂದು ಜಾಗವಿದೆ. ಅದು ಜನನ ಮರಣ ನೋಂದಣಿಯ ಕೌಂಟರು. ಪಿಂಚಣಿಗೆ, ಖಾತೆಗೆ, ವಿದ್ಯುತ್ ಮೀಟರಿನ ಹೆಸರು ಬದಲಾವಣೆಗೆ ಬೇಕೆಂದು ಹತ್ತಾರು ಪ್ರತಿ ಮಾಡಿಸಿಕೊಂಡು ಬರುತ್ತಾರೆ. 2023ರ ತಿದ್ದುಪಡಿ ಕಾಯ್ದೆ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದು, ಜನನ ಮರಣಗಳ ರಾಷ್ಟ್ರಮಟ್ಟದ ದತ್ತಾಂಶಕ್ಕೆ ದಾರಿಯಾಗಿದೆ. ಮರಣ ದಾಖಲಾಗುವಾಗಲೇ ಅರ್ಜಿಯಲ್ಲಿ ಇನ್ನೊಂದು ಸಾಲು ಇರಲಿ: ತೀರಿಕೊಂಡವರ ಹೆಸರಿನಲ್ಲಿ ಎಲ್ಲೆಲ್ಲಿ ಖಾತೆ, ಪಾಲಿಸಿ, ಷೇರು ಇದೆ ಎಂದು ತಿಳಿಸಲು ವಾರಸುದಾರರ ಒಪ್ಪಿಗೆ. ಒಪ್ಪಿದರೆ ಆ ಅರ್ಜಿ ರಿಸರ್ವ್ ಬ್ಯಾಂಕು, ವಿಮಾ ನಿಯಂತ್ರಣ ಪ್ರಾಧಿಕಾರ, ಸೆಬಿಗಳಿಗೆ ತಾನಾಗಿ ಹೋಗಲಿ. ಒಂದು ತಿಂಗಳೊಳಗೆ ಸಂಸ್ಥೆಗಳ ಪಟ್ಟಿ ಮನೆಗೆ ಬರಲಿ. ಮೊತ್ತ ಬೇಡ, ಖಾತೆ ಸಂಖ್ಯೆಯೂ ಬೇಡ. ಯಾವ ಬಾಗಿಲು ತಟ್ಟಬೇಕೆಂದು ತಿಳಿದರೆ ಸಾಕು. ಗೋಪ್ಯತೆಯೂ ಉಳಿಯುತ್ತದೆ, ಮನೆಯವರು ಕತ್ತಲಲ್ಲಿ ತಡಕಾಡುವುದೂ ತಪ್ಪುತ್ತದೆ.

ಇದು ಆಗದ ಮಾತೆಂದು ಯಾರಾದರೂ ಹೇಳಿದರೆ ತಮ್ಮದೇ ಆದಾಯ ತೆರಿಗೆ ಇಲಾಖೆಯನ್ನು ತೋರಿಸಿ. ವಾರ್ಷಿಕ ಮಾಹಿತಿ ವಿವರ ಎಂಬ ಪಟ್ಟಿಯಲ್ಲಿ ಒಬ್ಬರ ಪ್ಯಾನ್‌ಗೆ ಯಾವ ಬ್ಯಾಂಕಿನಿಂದ ಎಷ್ಟು ಬಡ್ಡಿ, ಯಾವ ಕಂಪನಿಯಿಂದ ಎಷ್ಟು ಡಿವಿಡೆಂಡ್ ಬಂತೆಂದು ಸಾಲುಸಾಲಾಗಿ ಇರುತ್ತದೆ. ತೆರಿಗೆ ಲೆಕ್ಕ ಹಾಕುವಾಗ ಆ ಬಡ್ಡಿಯನ್ನು ಕಾಣುವ ಸರ್ಕಾರ, ಹಿಂದಿರುಗಿಸುವಾಗ ಏಕೆ ಕಾಣಬಾರದು? ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ತೆರಿಗೆ ಇಲಾಖೆಯೇ ಯಾರೂ ಕೇಳದ ಹಣದ ಪಟ್ಟಿಯನ್ನು ತನ್ನ ದಾಖಲೆಗಳ ಜೊತೆ ತಾಳೆ ನೋಡಿ, ಅರ್ಜಿಯನ್ನೂ ಕೇಳದೆ ಬಹಳಷ್ಟು ಜನರಿಗೆ ಹಣ ಕಳಿಸಿಬಿಡುತ್ತದೆ. ಬ್ರಿಟನ್ನಿನಲ್ಲಿ ಸಾವಿನ ಸುದ್ದಿಯನ್ನು ಮನೆಯವರು ಒಮ್ಮೆ ತಿಳಿಸಿದರೆ ಸರ್ಕಾರದ ಹಲವು ಇಲಾಖೆಗಳಿಗೆ ಒಟ್ಟಿಗೇ ತಲುಪುವ ಏರ್ಪಾಡಿದೆ. ಜಗತ್ತಿಗೇ ಯುಪಿಐ ತೋರಿಸಿದ ದೇಶಕ್ಕೆ ಇದು ಕಷ್ಟವಲ್ಲ.

ವಿಮೆಯ ವಿಷಯದಲ್ಲಿ ಅವಸರವೂ ಇದೆ. ಹತ್ತು ವರ್ಷ ಯಾರೂ ಕೇಳದ ಪಾಲಿಸಿ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಅಲ್ಲಿಂದ 25 ವರ್ಷದೊಳಗೆ ಕೇಳದಿದ್ದರೆ ಸರ್ಕಾರದ ಪಾಲು. ಬ್ಯಾಂಕಿನ ಹಣಕ್ಕಿಲ್ಲದ ಗಡುವು ವಿಮೆಯ ಹಣಕ್ಕೇಕೆ? ಷೇರುಗಳದ್ದು ಬೇರೆಯೇ ಕಥೆ: ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಷೇರೂ ಸೇರಿ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ಹಳೆಯ ಕಾಗದದ ಷೇರು ಸರ್ಟಿಫಿಕೇಟುಗಳು ನಮ್ಮ ಕಡೆಯ ಬೀರುಗಳಲ್ಲಿ ಇಂದೂ ಇವೆ.

ಹಣ ಎಲ್ಲಿದೆಯೆಂದು ತಿಳಿದ ಮೇಲಿನ ದಾರಿ ಈಚೆಗೆ ಸುಧಾರಿಸಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. 2025ರ ಸೆಪ್ಟೆಂಬರ್ 26ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನದ ಪ್ರಕಾರ, ನಾಮಿನಿ ಇಲ್ಲದಿದ್ದರೂ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಸರಳ ವಿಧಾನದಲ್ಲಿ ಕೊಡಬೇಕು; ಕಾಗದ ಪೂರ್ತಿಯಾದ 15 ದಿನದಲ್ಲಿ ಇತ್ಯರ್ಥವಾಗಬೇಕು; ತಡವಾದರೆ ಬಡ್ಡಿ ತೆರಬೇಕು. ಬ್ಯಾಂಕುಗಳು ಇದನ್ನು ಜಾರಿಗೆ ತರಲು ಕೊಟ್ಟ ಗಡುವು 2026ರ ಮಾರ್ಚ್ 31. 2025ರ ನವೆಂಬರ್ 1ರಿಂದ ನಾಲ್ವರನ್ನು ನಾಮಿನಿ ಮಾಡುವ ಅವಕಾಶವೂ ಬಂದಿದೆ. ಆದರೆ ಇವೆಲ್ಲ ಬ್ಯಾಂಕಿನ ಕೌಂಟರಿಗೆ ಇಳಿದು ಬರಬೇಕು. ಶಾಖೆಯಲ್ಲಿ ಮೊದಲು ಕೇಳುವುದು ಇಂದಿಗೂ ಉತ್ತರಾಧಿಕಾರ ಪ್ರಮಾಣಪತ್ರವನ್ನೇ. ಅದಕ್ಕೆ ಕೋರ್ಟು, ವಕೀಲರು, ತಿಂಗಳುಗಟ್ಟಲೆ ಕಾಯುವಿಕೆ. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷವನ್ನು ಎಲ್ಲ ಬ್ಯಾಂಕುಗಳೂ ಒಂದೇ ಸಮನೆ ಒಪ್ಪಬೇಕೆಂದು, ಮಿತಿ ಮತ್ತು ಗಡುವುಗಳನ್ನು ಪ್ರತಿ ಶಾಖೆಯ ಬಾಗಿಲಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಬೇಕೆಂದು ತಾವು ಆದೇಶಿಸಬೇಕು.

ಇಷ್ಟೂ ಹೊತ್ತು ಮನೆಯಿರುವವರ ಮಾತಾಯಿತು. ಬಿಟಿಎಂ ಲೇಔಟಿನ ಆಚೆ ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಹಣ ಇದಕ್ಕಿಂತ ಸುಲಭವಾಗಿ ಕಳೆಯುತ್ತದೆ. ಪಿಎಫ್ ಹಿಂಪಡೆಯುವ ನಿಯಮದ ಬದಲಾವಣೆಯ ವಿರುದ್ಧ 2016ರ ಏಪ್ರಿಲ್‌ನಲ್ಲಿ ಸಾವಿರಾರು ಮಹಿಳೆಯರು ಇದೇ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ಬದಲಾವಣೆಯನ್ನು ಹಿಂದಕ್ಕೆ ಪಡೆಯಿತು. ಪಿಎಫ್ ಅವರಿಗೆ ಮಗಳ ಮದುವೆ, ಊರಿನ ಸಾಲ, ಆಸ್ಪತ್ರೆ ಖರ್ಚು. ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯಾದ ಯುಎಎನ್ 2014ರಲ್ಲಿ ಬರುವ ಮೊದಲು ಒಂದು ಫ್ಯಾಕ್ಟರಿ ಬಿಟ್ಟು ಇನ್ನೊಂದು ಸೇರಿದವರ ಹಳೆಯ ಪಿಎಫ್ ಸಂಖ್ಯೆ ಒಂದು ಚೀಟಿಯಲ್ಲಿ ಇರುತ್ತಿತ್ತು. ಮದುವೆಯಾಗಿ ಹೆಸರು ಬದಲಾಗಿ, ಫ್ಯಾಕ್ಟರಿಯೇ ಮುಚ್ಚಿ, ಆ ಚೀಟಿ ಎಲ್ಲೋ ಹೋಯಿತು. ಊರಿನ ಗ್ರಾಮೀಣ ಬ್ಯಾಂಕಿನ ಖಾತೆಯೂ ಅಷ್ಟೆ. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದವು. ಇವರದ್ದು ಎರಡು ಸಾವಿರ, ಐದು ಸಾವಿರದ ಲೆಕ್ಕ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ, ಅಫಿಡವಿಟ್ ಮಾಡಿಸುವಷ್ಟರಲ್ಲಿ ಹಣದ ಕಾಲು ಭಾಗ ಮುಗಿದಿರುತ್ತದೆ. ಇಂಥ ಸಣ್ಣ ಮೊತ್ತಗಳಿಗೆ ಆಧಾರ್ ಮತ್ತು ಸ್ವಯಂ ಘೋಷಣೆ ಸಾಕೆಂದು ಒಂದು ಮಿತಿ ನಿಗದಿ ಮಾಡಿ. ಯಾವ ಶಾಖೆಯಲ್ಲಾದರೂ ಕೆವೈಸಿ ಮಾಡಿಸಿ ಖಾತೆಗೆ ಮತ್ತೆ ಜೀವ ಕೊಡಬಹುದೆಂದು ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೇಳಿದೆ. ಆ ಸೌಲಭ್ಯ ಫ್ಯಾಕ್ಟರಿಯ ಗೇಟಿಗೂ ಬರಲಿ. ಪಾಳಿ ಮುಗಿದ ಮೇಲೆ ಬ್ಯಾಂಕು ತೆರೆದಿರುವುದಿಲ್ಲ.

ಮರಣ ನೋಂದಣಿಯ ಪ್ರಯೋಗವನ್ನು ನಮ್ಮಲ್ಲೇ ಶುರುಮಾಡಿ ಎಂಬುದು ನನ್ನ ವಿನಂತಿ. ನೋಂದಣಿ ಕೌಂಟರುಗಳು ರಾಜ್ಯದ ಕೈಯಲ್ಲಿವೆ, ಬ್ಯಾಂಕು ಮತ್ತು ವಿಮೆ ತಮ್ಮ ಕೈಯಲ್ಲಿವೆ. ಮುಖ್ಯಮಂತ್ರಿಗಳಿಗೆ ಒಂದು ಪತ್ರ ಬರೆದು, ಜಯನಗರದಿಂದ ಬೊಮ್ಮನಹಳ್ಳಿವರೆಗಿನ ಕೌಂಟರುಗಳಲ್ಲಿ ಆರು ತಿಂಗಳು ಈ ಒಪ್ಪಿಗೆ ಪತ್ರವನ್ನು ಇಟ್ಟು ನೋಡಿ. ಫಾರಂ ಕನ್ನಡದಲ್ಲಿರಲಿ. ಅದನ್ನು ತುಂಬಿಕೊಡಲು, ಹಳೆಯ ಪಾಸ್‌ಬುಕ್‌ಗಳನ್ನು ವಿಂಗಡಿಸಿಕೊಡಲು ನಮ್ಮ ಬಡಾವಣೆಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರೇ ಬೇಕಾದಷ್ಟು ಮಂದಿ ಇದ್ದಾರೆ. ಕೇಳಿದರೆ ಬರುತ್ತಾರೆ, ನಾನೂ ಬರುತ್ತೇನೆ.

ತಮ್ಮ ಉತ್ತರಕ್ಕಾಗಿ ಕಾದಿರುವ,
ಬನಶಂಕರಿ ಎರಡನೇ ಹಂತದ ನಿವಾಸಿ