ಬಿಲಾಲರ ಗುಣಗಾನವೂ ಸಿದ್ದಿ ಮಕ್ಕಳ ಶುಲ್ಕವೂ

ಮಕ್ಕಾ ವಿಜಯದ ದಿನ ಕಅಬಾದ ಮೇಲೇರಿ ಅದಾನ್ ಕೊಡಲು ಪ್ರವಾದಿಯವರು(ಸ) ಆದೇಶಿಸಿದ್ದು ಕುರೈಶ್ ಪ್ರಮುಖನಿಗಲ್ಲ, ಗುಲಾಮಗಿರಿಯಿಂದ ಬಿಡುಗಡೆಗೊಂಡ ಹಬಶೀ ಮೂಲದ ಹಝ್ರತ್ ಬಿಲಾಲರಿಗೆ(ರ). ಕೊಳ್ಳೇಗಾಲ, ಹನೂರು, ಯಳಂದೂರುಗಳ ಮಿಂಬರ್‌ಗಳಿಂದ ಇದನ್ನು ಎಷ್ಟು ಬಾರಿ ಕೇಳಿಲ್ಲ! ಆದರೆ ಆಫ್ರಿಕಾ ಮೂಲದ ಸಿದ್ದಿ ಮುಸ್ಲಿಮರು ನಮ್ಮದೇ ರಾಜ್ಯದ ಹಳಿಯಾಳದ ಸುತ್ತ ಇದ್ದಾರೆಂಬುದು ಎಷ್ಟು ಮಂದಿಗೆ ಗೊತ್ತು?

2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆ ಹಕ್ಕಿಗೆ ಧರ್ಮಭೇದವಿಲ್ಲ. ಮೀಸಲು ಸೀಟಿನ ದಾರಿಯೇನೋ ತೆರೆಯಿತು. ಕಾಡಂಚಿನ ಹಳ್ಳಿಯಿಂದ ಕಾಲೇಜು ತಲುಪಿ ಅಲ್ಲಿ ಉಳಿಯುವ ಖರ್ಚು ಯಾರದು?

ಝಕಾತ್ ಊರ ಬಡವರಿಗೇ ಸಲ್ಲಬೇಕೆಂದು ಕೆಲವರ ವಾದ. ಊರವರಿಗೆ ಆದ್ಯತೆ, ನಿಜ. ಹೆಚ್ಚು ಅಗತ್ಯವುಳ್ಳವರಿಗೆ ಹೊರಗೆ ಕಳುಹಿಸಲು ಹನಫೀ ಫಿಕ್ಹ್ ಅಡ್ಡಿಪಡಿಸದು. (ಪರವೂರಿನ ಮಿನಾರಕ್ಕೆ ಚಂದಾ ಕೊಡುವಾಗ ಈ ವಾದ ಕೇಳಿಸುವುದಿಲ್ಲ.)

ನಮ್ಮ ಕಣ್ಣೆದುರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. ಸೋಲಿಗರ ಮಕ್ಕಳಿಗೆ ಶಾಲೆ ಬಂತು, ಯುವಕರಿಗೆ ಕಸುಬಿನ ತರಬೇತಿ ಬಂತು. ಸೋಲಿಗರು ಇಳಿದು ಬಂದು ಬೇಡಲಿ ಎಂದು ಅವರು ಕಾಯಲಿಲ್ಲ, ತಾವೇ ಬೆಟ್ಟ ಹತ್ತಿದರು. ನಾವು ಹಳಿಯಾಳಕ್ಕೆ ಒಂದು ಪತ್ರವನ್ನಾದರೂ ಬರೆದಿದ್ದೇವೆಯೆ?

ಬರುವ ರಮಝಾನಿನಲ್ಲಿ ಮೂರೂ ತಾಲ್ಲೂಕುಗಳ ಜಮಾಅತ್‌ಗಳು ಕೂಡಿ ಐವರು ಬಡ ಸಿದ್ದಿ ವಿದ್ಯಾರ್ಥಿಗಳ ವರ್ಷದ ಶುಲ್ಕ ಹೊರಲಿ. ಚೆಕ್ ಕೊಡುವ ಫೋಟೊ ಬೇಡ.